ಅಮೆರಿಕದಲ್ಲಿ ಆಲ್ಕೋಹಾಲ್ ಅವೇರ್‌ನೆಸ್ ಕ್ಲಾಸ್ ಆರಿಸುವುದು: ದುಡ್ಡು ಕಟ್ಟುವ ಮೊದಲು ಓದಬೇಕಾದ ಸಮಗ್ರ ಮಾರ್ಗದರ್ಶಿ

ಕುಡಿತದ ಕೇಸಿನಲ್ಲಿ ಕೋರ್ಟು ಮಾಡಿ ಬಾ ಎಂದ ಆಲ್ಕೋಹಾಲ್ ಅವೇರ್‌ನೆಸ್ (ಮದ್ಯದ ಬಗ್ಗೆ ತಿಳಿವಳಿಕೆ ಕೊಡುವ) ಕ್ಲಾಸನ್ನು ಎಂಟು ಗಂಟೆ ಕೂತು ಮುಗಿಸಿ, ಬಣ್ಣದ ಸರ್ಟಿಫಿಕೇಟ್ ಪ್ರಿಂಟ್ ಹಾಕಿಕೊಂಡು ಕೋರ್ಟಿಗೆ ಹೋದರೆ ಕ್ಲರ್ಕ್ ಒಂದು ಸಲ ಕಣ್ಣಾಡಿಸಿ ‘ಇದು ನಡೆಯಲ್ಲ’ ಎಂದು ವಾಪಸ್ ಕೊಡುತ್ತಾರೆ. ಕಟ್ಟಿದ ಫೀಸು ಹೋಯಿತು, ಎರಡು ಶನಿವಾರ ಹೋಯಿತು, ಅಷ್ಟರಲ್ಲಿ ಗಡುವೂ ಬಂದು ಕೂತಿರುತ್ತದೆ. ಕುಡಿದು ಗಾಡಿ ಓಡಿಸಿದ ಕೇಸಿರಲಿ, 21 ತುಂಬದ ಹುಡುಗನ ಕೈಯಲ್ಲಿ ಬಿಯರ್ ಸಿಕ್ಕಿದ ಕೇಸಿರಲಿ, ಕಾಲೇಜಿನ ಶಿಸ್ತುಕ್ರಮವಿರಲಿ, ಜನ ಎಡವುವುದು ಈ ಒಂದೇ ಜಾಗದಲ್ಲಿ.

ಕಾರಣ ಸರಳ. ಮೊದಲು ಇಂಟರ್‌ನೆಟ್‌ನಲ್ಲಿ ಹುಡುಕುತ್ತಾರೆ, ಆಮೇಲೆ ದುಡ್ಡು ಕಟ್ಟುತ್ತಾರೆ, ಕೊನೆಗೆ ಕೋರ್ಟನ್ನು ಕೇಳುತ್ತಾರೆ. ಇದನ್ನು ಉಲ್ಟಾ ಮಾಡಬೇಕು. ಸರ್ಟಿಫಿಕೇಟ್ ಕೊಡುವವರನ್ನು ಕೇಳುವ ಮೊದಲು, ಅದನ್ನು ತೆಗೆದುಕೊಳ್ಳುವವರನ್ನು ಕೇಳಿ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ. ಹಂತಗಳ ಕ್ರಮ ತಪ್ಪಿಸಬೇಡಿ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದ್ದು

ಕೋರ್ಟ್ ಆದೇಶದ ಪ್ರತಿ, ಪೊಲೀಸರು ಕೊಟ್ಟ ಸೈಟೇಷನ್ (ಕೇಸಿನ ಚೀಟಿ), ಡಿಎಂವಿಯಿಂದ (ರಾಜ್ಯದ ಡ್ರೈವಿಂಗ್ ಲೈಸೆನ್ಸ್ ಇಲಾಖೆ) ಬಂದ ಪತ್ರವಿದ್ದರೆ ಅದು, ಕೇಸ್ ನಂಬರ್, ಡ್ರೈವಿಂಗ್ ಲೈಸೆನ್ಸ್, ಲಾಯರ್ ಮತ್ತು ಪ್ರೊಬೇಷನ್ ಆಫೀಸರ್ (ಕೋರ್ಟಿನ ಷರತ್ತುಗಳನ್ನು ಪಾಲಿಸುತ್ತಿದ್ದೀರಾ ಎಂದು ನೋಡುವ ಅಧಿಕಾರಿ) ನಂಬರ್. ಎಲ್ಲವನ್ನೂ ಫೋನಿನಲ್ಲಿ ಸ್ಕ್ಯಾನ್ ಮಾಡಿ ಒಂದೇ ಫೋಲ್ಡರ್‌ಗೆ ಹಾಕಿ.

ಜೊತೆಗೆ ಒಂದು ನೋಟ್‌ಬುಕ್. ಯಾವ ದಿನ, ಎಷ್ಟು ಗಂಟೆಗೆ, ಯಾರ ಹತ್ತಿರ ಮಾತಾಡಿದಿರಿ, ಅವರು ಏನು ಹೇಳಿದರು ಎಂದು ಒಂದೊಂದು ಸಾಲು ಬರೆಯುತ್ತಾ ಹೋಗಿ. ‘ಕ್ಲರ್ಕ್ ಆಫೀಸಿನವರು ಓಕೆ ಅಂದಿದ್ದರು’ ಎನ್ನುವ ಮಾತಿಗೆ ಮೂರು ತಿಂಗಳಾದ ಮೇಲೆ ತೂಕವಿರುವುದಿಲ್ಲ. ಹೆಸರು, ತಾರೀಖು ಸಮೇತ ಇದ್ದರೆ ಇರುತ್ತದೆ.

## ಹಂತ 1: ಕಾಗದವನ್ನು ಪೆನ್ಸಿಲ್ ಹಿಡಿದು ಓದಿ

ಆದೇಶದಲ್ಲಿ ಆರು ವಿಷಯ ಹುಡುಕಿ ಅಡಿಗೆರೆ ಎಳೆಯಿರಿ. ಎಷ್ಟು ಗಂಟೆಯ ಕ್ಲಾಸ್. ಅದರ ಅಧಿಕೃತ ಹೆಸರೇನು. ಮಾನ್ಯತೆ ಕೊಡಬೇಕಾದ್ದು ಯಾರು. ಎದುರಿಗೆ ಕೂತೇ ಮಾಡಬೇಕೋ, ಆನ್‌ಲೈನ್ ನಡೆಯುತ್ತದೋ. ಯಾವ ದಿನದೊಳಗೆ ಮುಗಿಯಬೇಕು. ಸರ್ಟಿಫಿಕೇಟ್ ಯಾರ ಕೈ ಸೇರಬೇಕು.

ಆದೇಶದ ಸಾಲು ಹೀಗಿದೆ ಎಂದುಕೊಳ್ಳಿ: ‘ಆರೋಪಿಯು ರಾಜ್ಯದ ಮಾನ್ಯತೆ ಪಡೆದ 12 ಗಂಟೆಗಳ ಶಿಕ್ಷಣ ಕಾರ್ಯಕ್ರಮವನ್ನು 90 ದಿನಗಳಲ್ಲಿ ಮುಗಿಸಿ, ಪುರಾವೆಯನ್ನು ಪ್ರೊಬೇಷನ್ ಇಲಾಖೆಗೆ ಸಲ್ಲಿಸತಕ್ಕದ್ದು.’ ಇದರಲ್ಲಿ ‘ರಾಜ್ಯದ ಮಾನ್ಯತೆ’ ಎನ್ನುವ ಎರಡು ಪದ ಇಂಟರ್‌ನೆಟ್‌ನಲ್ಲಿ ಸಿಗುವ ಬಹುಪಾಲು ಕ್ಲಾಸ್‌ಗಳನ್ನು ಪಟ್ಟಿಯಿಂದ ಆಚೆ ಹಾಕುತ್ತವೆ. 90 ದಿನ ಲೆಕ್ಕ ಶುರುವಾಗುವುದು ಆದೇಶದ ದಿನದಿಂದಲೋ, ಪ್ರೊಬೇಷನ್ ಶುರುವಾದ ದಿನದಿಂದಲೋ ಎನ್ನುವುದು ಸಾಲಿನಲ್ಲಿ ಇಲ್ಲ. ಅದನ್ನು ಕೇಳಿ ತಿಳಿಯಬೇಕು. ಮುಗಿಸುವ ಗಡುವು ಬೇರೆ, ಸೇರುವ ಗಡುವು ಬೇರೆ ಇರುವುದೂ ಉಂಟು.

ಬರೀ ‘ಆಲ್ಕೋಹಾಲ್ ಕ್ಲಾಸ್’ ಎಂದಷ್ಟೇ ಬರೆದು, ಗಂಟೆಯನ್ನೂ ಹೇಳದ ಆದೇಶಗಳಿವೆ. ಅಂಥದ್ದು ಕೈಗೆ ಬಂದರೆ ‘ಯಾವುದಾದರೂ ನಡೆಯುತ್ತದೆ’ ಎಂದು ಖುಷಿಪಡಬೇಡಿ. ಲಾಯರ್ ಮೂಲಕ ಸ್ಪಷ್ಟನೆ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಇಮೇಲ್ ಸಾಕು.

ಇನ್ನೊಂದು ದೊಡ್ಡ ತಪ್ಪು ಇಲ್ಲೇ ಆಗುತ್ತದೆ. ಕುಡಿದು ಓಡಿಸಿದ ಕೇಸಿನಲ್ಲಿ ಸಾಮಾನ್ಯವಾಗಿ ಎರಡು ಬಾಗಿಲುಗಳಿರುತ್ತವೆ: ಒಂದು ಕೋರ್ಟಿನದು, ಇನ್ನೊಂದು ಲೈಸೆನ್ಸ್ ಇಲಾಖೆಯದು. ಕೋರ್ಟು ಒಪ್ಪಿದ ಮಾತ್ರಕ್ಕೆ ಡಿಎಂವಿ ಲೈಸೆನ್ಸ್ ವಾಪಸ್ ಕೊಡಬೇಕೆಂದೇನಿಲ್ಲ. ಎರಡೂ ಕಡೆ ಪ್ರತ್ಯೇಕವಾಗಿ ಕೇಳಿ. ಒಂದೇ ಕ್ಲಾಸ್ ಎರಡಕ್ಕೂ ಆಗುತ್ತದೆಯೇ ಎನ್ನುವ ಪ್ರಶ್ನೆಯನ್ನು ಈ ಹಂತದಲ್ಲೇ ಮುಗಿಸಿಕೊಂಡರೆ ಮುಂದಿನ ಅರ್ಧ ತಲೆನೋವು ಇರುವುದಿಲ್ಲ.

## ಹಂತ 2: ಒಂದೇ ಹೆಸರಿನ ಬೇರೆ ಬೇರೆ ಸರಕನ್ನು ಗುರುತಿಸಿ

‘ಆಲ್ಕೋಹಾಲ್ ಅವೇರ್‌ನೆಸ್’ ಎಂಬ ಹಣೆಪಟ್ಟಿ ಅಂಟಿಸಿಕೊಂಡ ನಾಲ್ಕೈದು ಬಗೆಯ ಕ್ಲಾಸ್‌ಗಳಿವೆ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಮೊದಲನೆಯದು ಮದ್ಯ ಮಾರುವವರಿಗೆ, ಬಡಿಸುವವರಿಗೆ ಇರುವ ತರಬೇತಿ. ನೆವಾಡದಲ್ಲಿ ಬಾರ್ ಕೆಲಸಕ್ಕೆ ಬೇಕಾಗುವ ಕಾರ್ಡಿಗೆ ‘ಆಲ್ಕೋಹಾಲ್ ಅವೇರ್‌ನೆಸ್ ಕಾರ್ಡ್’ ಎಂದೇ ಹೆಸರು. ನ್ಯೂಯಾರ್ಕ್‌ನ ಮಾರಾಟಗಾರರ ತರಬೇತಿಯ ಹೆಸರಿನಲ್ಲೂ ‘ಅವೇರ್‌ನೆಸ್’ ಇದೆ. ಅಗ್ಗ, ಬೇಗ ಮುಗಿಯುತ್ತದೆ, ಹುಡುಕಿದರೆ ಮೊದಲ ಪುಟದಲ್ಲೇ ಸಿಗುತ್ತದೆ. ಗಿರಾಕಿಯ ಐಡಿ ಹೇಗೆ ನೋಡಬೇಕು ಎಂದು ಕಲಿಸುವ ಈ ಕ್ಲಾಸಿಗೂ ನಿಮ್ಮ ಕೇಸಿಗೂ ಸಂಬಂಧವಿಲ್ಲ.

ಎರಡನೆಯದು ಹೊಸದಾಗಿ ಲೈಸೆನ್ಸ್ ತೆಗೆಯುವವರ ಕ್ಲಾಸ್. ಫ್ಲೋರಿಡಾದಲ್ಲಿ ಮೊದಲ ಸಲ ಲೈಸೆನ್ಸ್ ಪಡೆಯುವವರಿಗೆಂದು ಬಂದ ನಾಲ್ಕು ಗಂಟೆಯ ಮದ್ಯ ಮತ್ತು ಮಾದಕವಸ್ತು ಕೋರ್ಸನ್ನು ಡಿಯುಐ (ಕುಡಿದು ಗಾಡಿ ಓಡಿಸಿದ ಅಪರಾಧ) ಸ್ಕೂಲ್ ಎಂದು ತಿಳಿದು ಮಾಡಿಬಿಡುವವರಿದ್ದಾರೆ. ಅಲ್ಲಿನ ಡಿಯುಐ ಕಾರ್ಯಕ್ರಮವೇ ಬೇರೆ: ಮೊದಲ ಹಂತ 12 ಗಂಟೆ, ಎರಡನೆಯದು 21 ಗಂಟೆ.

ಮೂರನೆಯದು ವಿಕ್ಟಿಮ್ ಇಂಪ್ಯಾಕ್ಟ್ ಪ್ಯಾನೆಲ್. ಕುಡಿದು ಓಡಿಸಿದವರಿಂದ ತಮ್ಮವರನ್ನು ಕಳೆದುಕೊಂಡವರು ಬಂದು ಮಾತಾಡುವ, ಒಂದೆರಡು ಗಂಟೆಯ ಕೂಟ ಇದು. ಕೋರ್ಟು ಇದನ್ನೂ ಕ್ಲಾಸನ್ನೂ ಎರಡನ್ನೂ ಹೇಳಿರಬಹುದು. ಆಗ ಎರಡು ಸರ್ಟಿಫಿಕೇಟ್ ಬೇಕು.

ನಾಲ್ಕನೆಯದು, ರಾಜ್ಯವೇ ಗಂಟೆ ನಿಗದಿ ಮಾಡಿ ಲೈಸೆನ್ಸ್ ಕೊಟ್ಟ ಕಾರ್ಯಕ್ರಮ. ಡಿಯುಐ ಕೇಸುಗಳಲ್ಲಿ ಬಹುಮಟ್ಟಿಗೆ ಬೇಕಾಗುವುದು ಇದೇ. ಗಂಟೆಗಳು ರಾಜ್ಯದಿಂದ ರಾಜ್ಯಕ್ಕೆ ಎಷ್ಟು ಬದಲಾಗುತ್ತವೆ ನೋಡಿ. ಟೆಕ್ಸಾಸ್‌ನಲ್ಲಿ ಮೊದಲ ಸಲ ಸಿಕ್ಕಿಬಿದ್ದವರಿಗೆ 12 ಗಂಟೆ, ಮತ್ತೆ ಸಿಕ್ಕಿದವರಿಗೆ 32 ಗಂಟೆ, 21ರ ಕೆಳಗಿನವರ ಮದ್ಯದ ಕೇಸಿಗೆ 6 ಗಂಟೆ. ಜಾರ್ಜಿಯಾದಲ್ಲಿ 20. ಇಲಿನಾಯ್‌ನ ಅಪಾಯ ಶಿಕ್ಷಣ 10 ಗಂಟೆ. ನ್ಯೂಯಾರ್ಕ್‌ನಲ್ಲಿ ಏಳು ವಾರಗಳಲ್ಲಿ ಹರಡಿದ 16 ಗಂಟೆ. ವಾಷಿಂಗ್ಟನ್ ರಾಜ್ಯದ ಮಾಹಿತಿ ಶಾಲೆ 8 ಗಂಟೆ. ಕ್ಯಾಲಿಫೋರ್ನಿಯಾದಲ್ಲಂತೂ ಗಂಟೆಗಿಂತ ತಿಂಗಳ ಲೆಕ್ಕ: ಮೊದಲ ಅಪರಾಧಕ್ಕೆ ಮೂರು ತಿಂಗಳು, ರಕ್ತದಲ್ಲಿ ಮದ್ಯದ ಪ್ರಮಾಣ ಶೇ 0.20 ಅಥವಾ ಹೆಚ್ಚಿದ್ದರೆ ಒಂಬತ್ತು, ಎರಡನೇ ಸಲಕ್ಕೆ 18 ತಿಂಗಳು. ಅಂದ ಮೇಲೆ ಗೆಳೆಯ ಡಲ್ಲಾಸ್‌ನಲ್ಲಿ ಮಾಡಿದ್ದ ಕ್ಲಾಸ್ ಸ್ಯಾನ್ ಹೋಸೆಯಲ್ಲಿ ನಿಮಗೆ ಆಗುವ ಮಾತೇ ಇಲ್ಲ.

ಟ್ರಕ್, ಬಸ್ಸು ಓಡಿಸುವ ವಾಣಿಜ್ಯ ಚಾಲಕರಿಗೆ ಒಂದು ಪ್ರತ್ಯೇಕ ಮಾತು. ಆ ಗಾಡಿ ಓಡಿಸುವಾಗ ರಕ್ತದಲ್ಲಿನ ಮದ್ಯಕ್ಕೆ ಅವರ ಮಿತಿ ಉಳಿದವರ ಹಾಗೆ 0.08 ಅಲ್ಲ, 0.04. ಕೆಲಸದ ಮೇಲಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಫೆಡರಲ್ ಸಾರಿಗೆ ನಿಯಮದ ಪ್ರಕಾರ ಎಸ್‌ಎಪಿ ಎಂದು ಕರೆಯುವ ಅರ್ಹ ತಜ್ಞರೇ ನೋಡಿ ಮುಂದಿನ ದಾರಿ ಹೇಳಬೇಕು. ನೀವೇ ಆರಿಸಿಕೊಂಡ ಕ್ಲಾಸ್ ಆ ದಾರಿಯನ್ನು ಚಿಕ್ಕದು ಮಾಡುವುದಿಲ್ಲ.

## ಹಂತ 3: ಅಸೆಸ್‌ಮೆಂಟ್ ಮೊದಲೋ ಕ್ಲಾಸ್ ಮೊದಲೋ ನೋಡಿ

ಕೆಲವು ಕಡೆ ಮೊದಲು ಅಸೆಸ್‌ಮೆಂಟ್, ಅಂದರೆ ನಿಮ್ಮ ಕುಡಿತದ ಮೌಲ್ಯಮಾಪನ; ಅದರ ಫಲಿತಾಂಶದ ಮೇಲೆ ಕ್ಲಾಸಿನ ಗಂಟೆ. ಇಲಿನಾಯ್‌ನಲ್ಲಿ ಮೌಲ್ಯಮಾಪನ ನಿಮ್ಮನ್ನು ಕನಿಷ್ಠ, ಮಧ್ಯಮ, ಗಣನೀಯ, ಅಧಿಕ ಎಂಬ ಅಪಾಯದ ಗುಂಪುಗಳಲ್ಲಿ ಒಂದಕ್ಕೆ ಸೇರಿಸುತ್ತದೆ. ಮಧ್ಯಮ ಎಂದು ಬಂದರೆ 10 ಗಂಟೆಯ ಶಿಕ್ಷಣದ ಜೊತೆ 12 ಗಂಟೆಯ ಆರಂಭಿಕ ನೆರವಿನ ಕೂಟವೂ ಸೇರುತ್ತದೆ. ಮೌಲ್ಯಮಾಪನಕ್ಕೆ ಮುಂಚೆಯೇ ಆತುರಪಟ್ಟು 10 ಗಂಟೆ ಮುಗಿಸಿದವರು ಮತ್ತೆ ದುಡ್ಡು ಕಟ್ಟಬೇಕಾಗಬಹುದು.

ಮೌಲ್ಯಮಾಪನದಲ್ಲಿ ಕಡಿಮೆ ಹೇಳಿ ಪಾರಾಗುವ ಯೋಚನೆ ಬೇಡ. ಕೇಳುವವರ ಮುಂದೆ ನಿಮ್ಮ ಬಂಧನದ ವರದಿ, ಉಸಿರು ಪರೀಕ್ಷೆಯ ಅಂಕಿ ಇರುವುದು ಮಾಮೂಲು. 0.17 ತೋರಿಸಿದ ಕಾಗದ ಮೇಜಿನ ಮೇಲಿರುವಾಗ ‘ಎರಡೇ ಬಿಯರ್’ ಎಂದರೆ ಅದೂ ಟಿಪ್ಪಣಿಯಾಗುತ್ತದೆ.

ಮೌಲ್ಯಮಾಪನ ಕಡ್ಡಾಯವಿಲ್ಲದವರೂ ಕುಡಿತವನ್ನು ಅಳೆಯುವ ಆಡಿಟ್ ಎಂಬ ಪ್ರಶ್ನಾವಳಿಯನ್ನು ಒಮ್ಮೆ ತುಂಬಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ್ದು, ಹತ್ತು ಪ್ರಶ್ನೆ, 40 ಅಂಕ. 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಗೆರೆ ದಾಟಿದೆ ಎಂದು ಓದುತ್ತಾರೆ. 20ರ ಆಸುಪಾಸು ಬಂದವರಿಗೆ ಬರೀ ಮಾಹಿತಿ ಕೊಡುವ ಕ್ಲಾಸ್ ಸಾಲದು, ವೈದ್ಯರು ನೋಡಬೇಕು.

ಇಲ್ಲಿ ನಿಲ್ಲಿ, ಇದನ್ನು ಪೂರ್ತಿ ಓದಿ. ದಿನಾ ಜಾಸ್ತಿ ಕುಡಿಯುವವರು ‘ನಾಳೆ ಕ್ಲಾಸ್ ಇದೆ’ ಎಂದು ಇವತ್ತೇ ಒಮ್ಮೆಲೇ ನಿಲ್ಲಿಸಿದರೆ ಅಪಾಯ. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯಲ್ಲಿ ಕೈ ನಡುಕ, ಬೆವರು, ಎದೆ ಡವಡವ ಶುರುವಾಗುತ್ತದೆ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಗೊಂದಲ, ಜ್ವರ ಕಾಣಿಸಿಕೊಂಡರೆ ಪ್ರಾಣಕ್ಕೇ ಸಂಚಕಾರ. ನಡುಕ, ಬೆವರಿಗೆ ಅದೇ ದಿನ ವೈದ್ಯರು. ಫಿಟ್ಸ್ ಅಥವಾ ಗೊಂದಲ ಕಂಡರೆ ತಡಮಾಡದೆ 911. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ಸಾಮ್‌ಸಾ ಎಂಬ ಫೆಡರಲ್ ಸಂಸ್ಥೆಯ ಸಹಾಯವಾಣಿ 1-800-662-4357 ಇದೆ, ಉಚಿತ, ಹಗಲೂ ರಾತ್ರಿ. ಕ್ಲಾಸಿನ ದಿನಾಂಕವನ್ನು ಮುಂದೂಡಿಸಬಹುದು.

## ಹಂತ 4: ಪಟ್ಟಿಯನ್ನು ಸರಿಯಾದ ಕಡೆಯಿಂದ ತನ್ನಿ

ಹುಡುಕಾಟದ ಮೊದಲ ಪುಟದಲ್ಲಿ ಬರುವುದು ಜಾಹೀರಾತು. ಪಟ್ಟಿ ಸಿಗಬೇಕಾದ್ದು ಮಾನ್ಯತೆ ಕೊಡುವ ಇಲಾಖೆಯ ಸೈಟಿನಲ್ಲಿ. ಟೆಕ್ಸಾಸ್‌ನಲ್ಲಿ ಅದು ಟಿಡಿಎಲ್‌ಆರ್, ಅಂದರೆ ಲೈಸೆನ್ಸಿಂಗ್ ಮತ್ತು ನಿಯಂತ್ರಣ ಇಲಾಖೆ. ಕ್ಯಾಲಿಫೋರ್ನಿಯಾದಲ್ಲಿ ಆರೋಗ್ಯ ಸೇವೆಗಳ ಇಲಾಖೆ. ಫ್ಲೋರಿಡಾದಲ್ಲಿ ಹೆದ್ದಾರಿ ಸುರಕ್ಷತೆ ಮತ್ತು ವಾಹನ ಇಲಾಖೆ. ನ್ಯೂಜೆರ್ಸಿಯಲ್ಲಿ ಐಡಿಆರ್‌ಸಿ ಎಂಬ ಕೇಂದ್ರಗಳೇ ಈ ಕೆಲಸಕ್ಕಿವೆ. ಬೇರೆ ರಾಜ್ಯದವರು ಪ್ರೊಬೇಷನ್ ಆಫೀಸರನ್ನೋ ಕ್ಲರ್ಕ್ ಆಫೀಸನ್ನೋ ‘ಮಾನ್ಯ ಪಟ್ಟಿ ಯಾವ ಇಲಾಖೆಯ ಹತ್ತಿರ ಇದೆ’ ಎಂದು ಕೇಳಿದರೆ ಎರಡು ನಿಮಿಷದ ಕೆಲಸ.

ಪಟ್ಟಿಯಲ್ಲಿ ಸ್ಕೂಲಿನ ಹೆಸರಷ್ಟೇ ನೋಡಬೇಡಿ. ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ನಿಮಗೆ ಬೇಕಾದ ಕಾರ್ಯಕ್ರಮಕ್ಕೇ ಇದೆಯೇ ನೋಡಿ. 12 ಗಂಟೆಯ ಕ್ಲಾಸಿಗೆ ಮಾನ್ಯತೆ ಪಡೆದವರು 32 ಗಂಟೆಯದ್ದಕ್ಕೂ ಪಡೆದಿರುತ್ತಾರೆ ಎಂದು ಭಾವಿಸಬೇಡಿ.

ಒಂದು ರಾಜ್ಯದಲ್ಲಿ ಕೇಸು, ಮನೆ ಇನ್ನೊಂದು ರಾಜ್ಯದಲ್ಲಿ. ಪ್ರಾಜೆಕ್ಟ್ ಮುಗಿಸಿ ಊರು ಬದಲಿಸಿದ ಐಟಿಯವರಿಗೆ ಇದು ಮಾಮೂಲಿ ಫಜೀತಿ. ಮಾನ್ಯತೆ ಎನ್ನುವುದು ರಾಜ್ಯದ ಗಡಿಗೆ ನಿಲ್ಲುತ್ತದೆ. ಹೊಸ ಊರಿನಲ್ಲಿ ಕ್ಲಾಸ್ ಮಾಡಬೇಕಾದರೆ ಸ್ಕೂಲಿನ ಹೆಸರು, ಗಂಟೆ, ಪಠ್ಯಕ್ರಮ ಬರೆದು ಕೇಸಿರುವ ಕೋರ್ಟಿಗೆ ಕಳಿಸಿ, ಒಪ್ಪಿಗೆ ಕೈಗೆ ಬಂದ ಮೇಲೆಯೇ ಸೇರಿ. ‘50 ರಾಜ್ಯಗಳಲ್ಲೂ ಮಾನ್ಯ’ ಎಂದು ದಪ್ಪ ಅಕ್ಷರದಲ್ಲಿ ಬರೆದ ಸೈಟ್ ಕಂಡರೆ ಮುಂದಕ್ಕೆ ಹೋಗಿ. ಹಾಗೆ ಎಲ್ಲ ರಾಜ್ಯಕ್ಕೂ ಒಟ್ಟಿಗೆ ಮಾನ್ಯತೆ ಕೊಡುವ ಕಚೇರಿಯೇ ಇಲ್ಲ.

ವೀಸಾದ ಮೇಲೆ ಇರುವವರು ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಬೇಕು. ಕುಡಿದು ಓಡಿಸಿದ ಬಂಧನ ಒಂದಿದ್ದರೆ, ತೀರ್ಪು ಬರುವ ಮೊದಲೇ ಪಾಸ್‌ಪೋರ್ಟಿನಲ್ಲಿರುವ ವೀಸಾವನ್ನು ರದ್ದು ಮಾಡುವ ಅಧಿಕಾರ ವಿದೇಶಾಂಗ ಇಲಾಖೆಗಿದೆ. ಆದ್ದರಿಂದ ಕೋರ್ಟಿನಲ್ಲಿ ಏನು ಒಪ್ಪಿಕೊಳ್ಳಬೇಕು, ಯಾವ ಕ್ಲಾಸಿಗೆ ತಲೆಯಾಡಿಸಬೇಕು ಎನ್ನುವುದನ್ನು ಇಮಿಗ್ರೇಷನ್ ಲಾಯರನ್ನು ಕೇಳಿಯೇ ತೀರ್ಮಾನಿಸಿ. ಟ್ರಾಫಿಕ್ ಕೇಸಿನ ಲಾಯರಿಗೆ ಈ ಕಡೆಯ ಪರಿಣಾಮ ಹೊಳೆಯದೇ ಹೋಗಬಹುದು.

## ಹಂತ 5: ಆನ್‌ಲೈನೋ, ಎದುರಿಗೆ ಕೂರುವುದೋ

ಆನ್‌ಲೈನ್ ಎಂದರೆ ಎರಡು ಬಗೆ. ಒಂದು, ನಿಗದಿತ ಹೊತ್ತಿಗೆ ಕ್ಯಾಮೆರಾ ಹಾಕಿಕೊಂಡು ಬೋಧಕರ ಜೊತೆ ನೇರವಾಗಿ ನಡೆಯುವುದು. ಇನ್ನೊಂದು, ಪುಟ ತಿರುಗಿಸುತ್ತಾ ನಿಮ್ಮ ಬಿಡುವಿನಲ್ಲಿ ಮುಗಿಸುವುದು. ಮೊದಲನೆಯದನ್ನು ಒಪ್ಪುವ ಕೋರ್ಟು ಎರಡನೆಯದನ್ನು ಒಪ್ಪದಿರಬಹುದು. ‘ಆನ್‌ಲೈನ್ ಆಗಬಹುದಾ’ ಎಂದು ಕೇಳಿ ‘ಆಗಬಹುದು’ ಎಂಬ ಉತ್ತರ ಪಡೆದು, ಪುಟ ತಿರುಗಿಸುವ ಕ್ಲಾಸಿಗೆ ಸೇರಿ ಕೆಟ್ಟವರು ಬೇಕಾದಷ್ಟು. ಪ್ರಶ್ನೆಯಲ್ಲೇ ಬಗೆಯನ್ನು ಹೇಳಿ ಕೇಳಿ.

ನೇರ ಕ್ಲಾಸಿಗೆ ಬೇಕಾದ್ದು: ಲ್ಯಾಪ್‌ಟಾಪ್, ಕೆಲಸ ಮಾಡುವ ಕ್ಯಾಮೆರಾ, ಬಾಗಿಲು ಹಾಕಿಕೊಳ್ಳುವ ಕೋಣೆ, ಸರ್ಕಾರಿ ಐಡಿ. ಕಾರಿನಲ್ಲಿ ಕೂತು ಫೋನಿನಿಂದ ಸೇರಿದರೆ ಹಾಜರಿ ತೆಗೆದುಹಾಕುವ ಸ್ಕೂಲುಗಳಿವೆ. ಹಾಗೆ ಮಾಡುವುದು ಸರಿಯೂ ಹೌದು, ಗುಂಪಿನಲ್ಲಿ ಇನ್ನೊಬ್ಬರು ತಮ್ಮ ಮನೆಯ ಮಾತು ಹೇಳುತ್ತಿರುತ್ತಾರೆ.

ನಿಯಮ ಎರಡಕ್ಕೂ ಬಿಟ್ಟಿದ್ದರೆ, ಲೈಸೆನ್ಸ್ ಅಮಾನತಾಗಿ ಗಾಡಿ ಓಡಿಸಲಾಗದವರಿಗೆ ಆನ್‌ಲೈನ್ ನೇರ ಕ್ಲಾಸ್ ಒಳ್ಳೆಯದು. ಉಳಿದವರಿಗೆ ಎದುರಿಗೆ ಕೂರುವುದೇ ಹೆಚ್ಚು ಉಪಯೋಗ ಎನ್ನುವುದು ನಮ್ಮ ಅಭಿಪ್ರಾಯ. ಪರದೆಯ ಮುಂದೆ ಮೂರು ಗಂಟೆ ಗಮನ ನಿಲ್ಲುವುದು ಕಷ್ಟ.

## ಹಂತ 6: ಮೂರು ಸ್ಕೂಲಿಗೆ ಫೋನ್ ಮಾಡಿ

ಪಟ್ಟಿಯಿಂದ ಮೂರನ್ನು ಆರಿಸಿ. ಒಂದೇ ಪ್ರಶ್ನೆಗಳನ್ನು ಮೂವರಿಗೂ ಕೇಳಿ, ಉತ್ತರ ನೋಟ್‌ಬುಕ್‌ನಲ್ಲಿ ಬರೆಯಿರಿ. ಮೊದಲ ವಾಕ್ಯದಲ್ಲೇ ಕೌಂಟಿ, ಕೇಸಿನ ಬಗೆ, ಬೇಕಾದ ಗಂಟೆ, ಗಡುವು ಹೇಳಿಬಿಡಿ. ಆಮೇಲೆ:

1. ನಿಮ್ಮ ಲೈಸೆನ್ಸ್ ನಂಬರ್ ಎಷ್ಟು, ಯಾವ ಇಲಾಖೆಯದು?
2. ಮುಂದಿನ ಬ್ಯಾಚ್ ಯಾವತ್ತು? ಒಂದು ದಿನಕ್ಕೆ ಎಷ್ಟು ಗಂಟೆ ಕಲಿಸುತ್ತೀರಿ?
3. ಒಂದು ದಿನ ತಪ್ಪಿದರೆ ಏನು ಮಾಡಬೇಕು?
4. ಬೋಧಕರ ಅರ್ಹತೆ ಏನು? ಗುಂಪಿನಲ್ಲಿ ಎಷ್ಟು ಜನ?
5. ಫೀಸಿನಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ?
6. ಮುಗಿದ ಮೇಲೆ ಸರ್ಟಿಫಿಕೇಟ್ ಎಷ್ಟು ದಿನಕ್ಕೆ, ಯಾರಿಗೆ, ಯಾವ ರೂಪದಲ್ಲಿ ಹೋಗುತ್ತದೆ?

ಉತ್ತರಗಳಿಗಿಂತ ಅವರು ವಾಪಸ್ ಏನು ಕೇಳುತ್ತಾರೆ ಎನ್ನುವುದು ಮುಖ್ಯ. ‘ನಿಮ್ಮ ಆದೇಶದಲ್ಲಿ ಏನು ಬರೆದಿದೆ, ಓದಿ ಹೇಳಿ’ ಎಂದು ಕೇಳುವ ಸ್ಕೂಲು ಕೆಲಸ ಗೊತ್ತಿರುವ ಸ್ಕೂಲು. ಏನೂ ಕೇಳದೆ ‘ಕಾರ್ಡ್ ನಂಬರ್ ಹೇಳಿ, ಇವತ್ತೇ ಸೇರಿಸುತ್ತೇವೆ’ ಎಂದರೆ ಅಲ್ಲಿಗೆ ಫೋನ್ ಇಡಿ. 12 ಗಂಟೆಯ ಕ್ಲಾಸನ್ನು ‘ಒಂದೇ ದಿನದಲ್ಲಿ ಮುಗಿಸಿಕೊಡುತ್ತೇವೆ’, ‘ಎರಡು ಗಂಟೆಯಲ್ಲಿ ಮುಗಿಸಿದರೂ ಸರ್ಟಿಫಿಕೇಟ್‌ನಲ್ಲಿ 12 ಎಂದೇ ಬರುತ್ತದೆ’ ಎನ್ನುವವರೂ ಇದ್ದಾರೆ. ಹಿಂದಿನ ತಾರೀಖು ಹಾಕಿಕೊಡುತ್ತೇವೆ ಎನ್ನುವವರ ಹತ್ತಿರವಂತೂ ಸುಳಿಯಬೇಡಿ. ಅಂಥ ಕಾಗದವನ್ನು ಕೋರ್ಟಿಗೆ ಕೊಟ್ಟರೆ ಮೊದಲಿನ ಕೇಸಿಗಿಂತ ದೊಡ್ಡ ಕೇಸಾಗುತ್ತದೆ.

ಇಂಗ್ಲಿಷ್ ಸರಾಗವಾಗಿ ಬರದ ಹಿರಿಯರಿಗಾಗಿ ವಿಚಾರಿಸುತ್ತಿದ್ದರೆ ದುಭಾಷಿಯ ವ್ಯವಸ್ಥೆಯನ್ನು ಈ ಕರೆಯಲ್ಲೇ ಕೇಳಿ. ಮಗನೋ ಸೊಸೆಯೋ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ ಎಂದು ನೀವೇ ತೀರ್ಮಾನಿಸಬೇಡಿ. ಗುಂಪಿನ ಗೋಪ್ಯತೆಯ ಕಾರಣ ಹೊರಗಿನವರನ್ನು ಒಳಗೆ ಬಿಡದಿರಬಹುದು.

## ಹಂತ 7: ಒಳಗೆ ಏನು ಕಲಿಸುತ್ತಾರೆ ನೋಡಿ

ಮಾನ್ಯತೆಯ ಜರಡಿಯಲ್ಲಿ ಉಳಿದ ಎರಡು ಮೂರು ಸ್ಕೂಲುಗಳಲ್ಲಿ ಒಳ್ಳೆಯದು ಯಾವುದು ಎಂಬ ಪ್ರಶ್ನೆ ಈಗ. ಪಠ್ಯದ ಪಟ್ಟಿ ಕೇಳಿ. ಅಪಘಾತದ ವಿಡಿಯೊ ತೋರಿಸಿ ಹೆದರಿಸುವುದರಲ್ಲೇ ಹೊತ್ತು ಕಳೆಯುವ ಕ್ಲಾಸ್ ಒಂದು ಬಗೆ. ನಿಮ್ಮ ಕುಡಿತದ ಲೆಕ್ಕವನ್ನು ನಿಮ್ಮ ಕೈಯಲ್ಲೇ ಹಾಕಿಸುವ ಕ್ಲಾಸ್ ಇನ್ನೊಂದು. ಎರಡನೆಯದನ್ನು ಆರಿಸಿ.

ಲೆಕ್ಕ ಎಂದರೆ ಏನು? ಅಮೆರಿಕದಲ್ಲಿ ಒಂದು ‘ಸ್ಟ್ಯಾಂಡರ್ಡ್ ಡ್ರಿಂಕ್’ ಎಂದರೆ 14 ಗ್ರಾಂ ಶುದ್ಧ ಆಲ್ಕೋಹಾಲ್. 5% ಬಿಯರ್ ಆದರೆ 355 ಮಿಲಿ, 12% ವೈನ್ ಆದರೆ 148 ಮಿಲಿ, 40% ವಿಸ್ಕಿ ಆದರೆ 44 ಮಿಲಿ. ನಮ್ಮವರ ಲಾರ್ಜ್ ಪೆಗ್ 60 ಮಿಲಿ. ಅದರಲ್ಲಿ 24 ಮಿಲಿ ಆಲ್ಕೋಹಾಲ್, ತೂಕದಲ್ಲಿ ಸುಮಾರು 19 ಗ್ರಾಂ. ಅಂದರೆ ‘ಮೂರೇ ಪೆಗ್’ ಎಂದವರು ಕುಡಿದದ್ದು ನಾಲ್ಕು ಡ್ರಿಂಕಿಗೂ ಮೇಲೆ. 7% ಕ್ರಾಫ್ಟ್ ಬಿಯರಿನ ದೊಡ್ಡ ಕ್ಯಾನ್, 473 ಮಿಲಿಯದು, ಒಂದೇ ಎರಡು ಡ್ರಿಂಕಿನ ಹತ್ತಿರ ಬರುತ್ತದೆ. ಒಳ್ಳೆಯ ಬೋಧಕರು ಖಾಲಿ ಲೋಟ ಕೈಗೆ ಕೊಟ್ಟು ‘ಮನೆಯಲ್ಲಿ ಹಾಕಿಕೊಳ್ಳುವಷ್ಟು ನೀರು ಹಾಕಿ’ ಎನ್ನುತ್ತಾರೆ, ಆಮೇಲೆ ಅದನ್ನು ಅಳತೆ ಪಾತ್ರೆಗೆ ಸುರಿಸುತ್ತಾರೆ. ಗೆರೆ ಎಲ್ಲಿ ನಿಂತಿತು ಎನ್ನುವುದನ್ನು ಕಣ್ಣಾರೆ ಕಂಡವರು ಬೇಗ ಮರೆಯುವುದಿಲ್ಲ.

ಎರಡನೇ ಲೆಕ್ಕ ಇಳಿಯುವುದರದು. ರಕ್ತದಲ್ಲಿನ ಮದ್ಯ ಗಂಟೆಗೆ ಸರಾಸರಿ 0.015ರಷ್ಟು ಇಳಿಯುತ್ತದೆ. ರಾತ್ರಿ 12ಕ್ಕೆ 0.16 ಇದ್ದವರು ಐದು ಗಂಟೆ ನಿದ್ದೆ ಮಾಡಿ ಎದ್ದಾಗ 0.085. ಬೆಳಿಗ್ಗೆ ಏರ್‌ಪೋರ್ಟಿಗೆ ಕಾರು ತೆಗೆದರೆ ಆಗಲೂ 0.08ರ ಮಿತಿಯ ಮೇಲೇ ಇದ್ದಾರೆ. ಯೂಟಾದ ಮಿತಿ 0.05, ಅಲ್ಲಿ ಇನ್ನೂ ಎರಡೂವರೆ ಗಂಟೆ ಬೇಕು. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಈ ಎರಡು ಲೆಕ್ಕ ಇಲ್ಲದ ಪಠ್ಯ ಟೊಳ್ಳು ಎಂದೇ ತಿಳಿಯಿರಿ.

ಇನ್ನು ಉಳಿದದ್ದು: ಯಾವ ಸಂದರ್ಭದಲ್ಲಿ ಕುಡಿತ ಜಾಸ್ತಿಯಾಗುತ್ತದೆ ಎಂದು ಗುರುತಿಸುವ ಅಭ್ಯಾಸ, ಮುಂದಿನ ಪಾರ್ಟಿಗೆ ಹೋಗುವಾಗ ವಾಪಸ್ ಬರುವ ಗಾಡಿ ಮೊದಲೇ ಗೊತ್ತುಮಾಡುವ ಯೋಜನೆ, ಮಾತ್ರೆಗಳ ಜೊತೆ ಮದ್ಯ ಸೇರಿದರೆ ಏನಾಗುತ್ತದೆ ಎನ್ನುವ ಭಾಗ, ಕ್ಲಾಸ್ ಸಾಲದವರನ್ನು ಚಿಕಿತ್ಸೆಗೆ ಕಳಿಸುವ ದಾರಿ. ಬೋಧಕರು ಕೌನ್ಸೆಲಿಂಗ್ ಲೈಸೆನ್ಸ್ ಇರುವವರಾದರೆ ಒಳ್ಳೆಯದು. ಗುಂಪಿನಲ್ಲಿ 40 ಜನ ಇದ್ದರೆ ಚರ್ಚೆ ಆಗುವುದಿಲ್ಲ, ಭಾಷಣ ಆಗುತ್ತದೆ.

## ಹಂತ 8: ದುಡ್ಡು ಮತ್ತು ಸಹಿ

ಒಟ್ಟು ಮೊತ್ತ ಬರವಣಿಗೆಯಲ್ಲಿ ಬೇಕು. ನೋಂದಣಿ ಶುಲ್ಕ, ಪುಸ್ತಕದ ಶುಲ್ಕ, ಮೌಲ್ಯಮಾಪನದ ಶುಲ್ಕ, ತಪ್ಪಿದ ದಿನದ ದಂಡ, ಸರ್ಟಿಫಿಕೇಟಿನ ನಕಲಿಗೆ ಶುಲ್ಕ: ಕಡಿಮೆ ದರದ ಜಾಹೀರಾತಿನ ಸ್ಕೂಲು ಇವನ್ನೆಲ್ಲ ಕೂಡಿಸಿದಾಗ ದುಬಾರಿಯದ್ದನ್ನೂ ಮೀರಿಸಬಹುದು. ಕೋರ್ಟು ಒಪ್ಪದಿದ್ದರೆ ವಾಪಸ್ ಕೊಡುತ್ತೀರಾ ಎಂದು ಕೇಳಿ. ‘ದುಡ್ಡು ವಾಪಸ್ ಗ್ಯಾರಂಟಿ’ ಹೋದ ಗಡುವನ್ನು ವಾಪಸ್ ತರುವುದಿಲ್ಲ ಎನ್ನುವುದೂ ನೆನಪಿರಲಿ. ಆದಾಯ ಕಡಿಮೆ ಇರುವವರು ಕಂತು ಅಥವಾ ರಿಯಾಯಿತಿ ಕೇಳಲು ಸಂಕೋಚಪಡಬೇಕಿಲ್ಲ. ಕ್ಯಾಲಿಫೋರ್ನಿಯಾದಂಥ ಕಡೆ ಲೈಸೆನ್ಸ್ ಪಡೆದ ಕಾರ್ಯಕ್ರಮಗಳಿಗೆ ಇದರ ನಿಯಮವೇ ಇದೆ.

ಸಹಿ ಹಾಕುವ ಕಾಗದಗಳಲ್ಲಿ ಒಂದು ಮಾಹಿತಿ ಬಿಡುಗಡೆಯ ಒಪ್ಪಿಗೆ ಪತ್ರ. ಮದ್ಯ ಮತ್ತು ಮಾದಕವಸ್ತು ಚಿಕಿತ್ಸೆಯ ದಾಖಲೆಗಳಿಗೆ ಫೆಡರಲ್ ಕಾನೂನಿನಲ್ಲಿ ವಿಶೇಷ ರಕ್ಷಣೆ ಇದೆ, ಹಾಗಾಗಿ ಆ ನಿಯಮಕ್ಕೆ ಒಳಪಟ್ಟ ಕಡೆ ನಿಮ್ಮ ಒಪ್ಪಿಗೆ ಕೇಳುತ್ತಾರೆ. ಯಾರಿಗೆ, ಯಾವ ಮಾಹಿತಿ, ಯಾವ ದಿನದವರೆಗೆ ಎಂಬ ಮೂರು ಜಾಗ ತುಂಬಿರಬೇಕು. ಖಾಲಿ ಜಾಗವಿರುವ ಪತ್ರಕ್ಕೆ ಸಹಿ ಬೇಡ. ಕೋರ್ಟಿಗೆ ಹಾಜರಿ ಮತ್ತು ಮುಗಿಸಿದ ಸುದ್ದಿ ಹೋದರೆ ಸಾಕಾಗುವ ಕಡೆ ನಿಮ್ಮ ಕಂಪನಿಯ ಹೆಸರು ಆ ಪಟ್ಟಿಯಲ್ಲಿ ಇರಬೇಕಾಗಿಲ್ಲ.

ಕಟ್ಟಿದ ಕೂಡಲೇ ರಸೀದಿ ಮತ್ತು ಸೇರಿದ ಪುರಾವೆ ಪಡೆದು ಲಾಯರಿಗೆ ಕಳಿಸಿ.

## ಹಂತ 9: ಕ್ಲಾಸ್ ನಡೆಯುವಾಗ

ಹತ್ತು ನಿಮಿಷ ಮುಂಚೆ ಹೋಗಿ. ತಡವಾಗಿ ಬಂದವರನ್ನು ಒಳಗೆ ಸೇರಿಸದೆ ಆ ದಿನವನ್ನೇ ಗೈರು ಎಂದು ಬರೆಯುವುದು ಸಾಮಾನ್ಯ. ಹಾಜರಿ ಹಾಳೆಯಲ್ಲಿ ನಿಮ್ಮ ಸಹಿ ಬಿದ್ದಿದೆಯೇ ಪ್ರತಿ ಸಲ ನೋಡಿ. ಕುಡಿದು ಬಂದರೆ ಹೊರಗೆ ಕಳಿಸುತ್ತಾರೆ, ಕೋರ್ಟಿಗೂ ತಿಳಿಸಬಹುದು. ಹಿಂದಿನ ರಾತ್ರಿಯ ಲೆಕ್ಕ ಮೇಲೆ ಹೇಳಿದೆಯಲ್ಲ, ಬೆಳಿಗ್ಗೆ ಒಂಬತ್ತರ ಕ್ಲಾಸಿಗೆ ಅದು ಅನ್ವಯಿಸುತ್ತದೆ. ಲೈಸೆನ್ಸ್ ಅಮಾನತಿನಲ್ಲಿದ್ದರೆ ಕ್ಲಾಸಿಗೇ ಆದರೂ ಗಾಡಿ ಓಡಿಸಿಕೊಂಡು ಹೋಗುವಂತಿಲ್ಲ.

ಜ್ವರ, ಮನೆಯಲ್ಲಿ ಸಾವು, ಆಫೀಸಿನ ಪ್ರಯಾಣ ಏನೇ ಬಂದರೂ ತಪ್ಪುವ ಮೊದಲೇ ಇಮೇಲ್ ಮಾಡಿ. ಗಡುವು ಮೀರುವ ಸೂಚನೆ ಕಂಡರೆ ಲಾಯರ್ ಮೂಲಕ ವಿಸ್ತರಣೆ ಕೇಳಬೇಕು, ಅದೂ ಗಡುವಿನ ಮುಂಚೆ. ಗಡುವು ದಾಟಿದ ಮೇಲೆ ಕೇಳುವುದು ಪ್ರೊಬೇಷನ್ ಉಲ್ಲಂಘನೆಯ ವಿಚಾರಣೆಯಲ್ಲಿ ನಿಂತು ಕೇಳಿದ ಹಾಗೆ.

## ಹಂತ 10: ಸರ್ಟಿಫಿಕೇಟ್ ಕೈಗೆ ಬಂದಾಗ

ಅಲ್ಲೇ ನಿಂತು ಓದಿ. ಹೆಸರು ಲೈಸೆನ್ಸಿನಲ್ಲಿ ಇದ್ದಂತೆಯೇ ಇದೆಯೇ? ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಇನಿಷಿಯಲ್ ಮಾಡಿಕೊಂಡ ನಮ್ಮ ಕಡೆಯ ಹೆಸರುಗಳು ಇಲ್ಲೇ ಕೆಡುವುದು. ಪಾಸ್‌ಪೋರ್ಟಿನಲ್ಲಿ ಒಂದು, ಲೈಸೆನ್ಸಿನಲ್ಲಿ ಒಂದು, ಸರ್ಟಿಫಿಕೇಟಿನಲ್ಲಿ ಮೂರನೆಯದು ಆದರೆ ಕ್ಲರ್ಕ್ ಹೊಂದಿಸಿ ನೋಡುತ್ತಾ ಕೂರುವುದಿಲ್ಲ. ಆಮೇಲೆ ಹುಟ್ಟಿದ ದಿನ, ಕೇಸ್ ನಂಬರ್, ಕಾರ್ಯಕ್ರಮದ ಅಧಿಕೃತ ಹೆಸರು, ಒಟ್ಟು ಗಂಟೆ, ಮುಗಿದ ದಿನ, ಬೋಧಕರ ಸಹಿ, ಸ್ಕೂಲಿನ ಲೈಸೆನ್ಸ್ ನಂಬರ್. ಒಂದು ಅಕ್ಷರ ತಪ್ಪಿದ್ದರೂ ಆಗಲೇ ತಿದ್ದಿಸಿ.

ಕೆಲವು ಕಡೆ ನೀವು ಕೊಡುವ ಕಾಗದಕ್ಕೆ ಬೆಲೆಯೇ ಇಲ್ಲ. ಕ್ಯಾಲಿಫೋರ್ನಿಯಾದ ಡಿಎಂವಿಗೆ ಮುಗಿಸಿದ ನೋಟಿಸು ಹೋಗಬೇಕಾದ್ದು ಕಾರ್ಯಕ್ರಮದವರ ಕಡೆಯಿಂದ, ಅದರ ಹೆಸರು ಡಿಎಲ್ 101. ಅಂಥಲ್ಲಿ ಯಾವತ್ತು ಕಳಿಸಿದಿರಿ ಎಂದು ಸ್ಕೂಲನ್ನು ಕೇಳಿ, ವಾರ ಹತ್ತು ದಿನ ಬಿಟ್ಟು ಡಿಎಂವಿಗೆ ಫೋನ್ ಮಾಡಿ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಲೈಸೆನ್ಸ್ ಮತ್ತೆ ಚಾಲ್ತಿಗೆ ಬಂದಿದೆ ಎಂದು ಅವರು ಹೇಳುವವರೆಗೆ ಸ್ಟಿಯರಿಂಗ್ ಮುಟ್ಟಬೇಡಿ.

ಕೋರ್ಟಿಗೆ ಕೈಯಾರೆ ಕೊಡುವುದಾದರೆ ಎರಡು ಪ್ರತಿ ಒಯ್ದು, ಒಂದರ ಮೇಲೆ ‘ಸ್ವೀಕರಿಸಿದೆ’ ಎಂಬ ಸೀಲು ತಾರೀಖಿನ ಸಮೇತ ಹಾಕಿಸಿಕೊಂಡು ಬನ್ನಿ. ಆ ಸೀಲಿನ ಪ್ರತಿ, ರಸೀದಿ, ಕೇಸು ಮುಗಿದ ಆದೇಶ ಮೂರನ್ನೂ ಪಾಸ್‌ಪೋರ್ಟ್ ಇಡುವ ಜಾಗದಲ್ಲೇ ಇಡಿ. ಸ್ಕೂಲು ಮುಚ್ಚಿಹೋಗಬಹುದು, ನಕಲು ಸಿಗದೆ ಹೋಗಬಹುದು. ಐದು ವರ್ಷದ ನಂತರ ವೀಸಾ ಸಂದರ್ಶನದಲ್ಲೋ ಹೊಸ ಕೆಲಸದ ಹಿನ್ನೆಲೆ ಪರಿಶೀಲನೆಯಲ್ಲೋ ಕೇಳಿದಾಗ ಹುಡುಕಬೇಕಾಗಿ ಬರುವುದು ಈ ಮೂರು ಹಾಳೆಗಳನ್ನೇ.